ಯಾರಿಗೂ ಗೊತ್ತಾಗದ ದುಡ್ಡು ಉಂಟೇ?



ಎರಡು ವಾರದ ಹಿಂದೆ ನಮ್ಮ ಪತ್ರ ವಿಭಾಗದಲ್ಲಿ ಮುಲುಂಡಿನ ಒಬ್ಬ ಅಮ್ಮನ ಪತ್ರ ಓದಿದ್ದು ನಿಮಗೆ ನೆನಪಿರಬಹುದು. ಓದಿದ್ದೇನೋ ಓದಿದೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಆಚೆಯಿಂದ ನಮ್ಮ ತಂತ್ರಜ್ಞರು ಎರಡು ಬೆರಳು ಎತ್ತಿ ತೋರಿಸಿದರು. ಎರಡೇ ನಿಮಿಷ! ಬಿಟ್‌ಕಾಯಿನ್ ಎಂಬ ಮಹಾಭಾರತವನ್ನು ಎರಡು ನಿಮಿಷದಲ್ಲಿ ಹೇಳಲು ನಾನೇನು ಗದುಗಿನ ನಾರಣಪ್ಪನೇ? ಒಂದು ಭಾವಗೀತೆ ಹಾಕಿ ಕೈ ಮುಗಿದೆ. ಆಮೇಲೆ ಫೋನುಗಳೋ ಫೋನು. “ಆ ಅಮ್ಮನಿಗೆ ಉತ್ತರ ಕೊಡಲೇ ಇಲ್ಲವಲ್ಲ” ಅಂತ ವಾಶಿಯಿಂದ, ಪುಣೆಯಿಂದ, ಬಂಧುಗಳ ಮನೆಗೆ ಬಂದು ರೇಡಿಯೋ ಕೇಳಿದ ಹೈದರಾಬಾದಿನವರೊಬ್ಬರಿಂದಲೂ. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಆ ಪತ್ರಕ್ಕೇ ಬಿಟ್ಟಿದ್ದೇನೆ.

ಪತ್ರ ಕೇಳದವರಿಗಾಗಿ ಅದರ ಸಾರ ಇಷ್ಟು. ಅಮ್ಮನಿಗೆ ಈಗ ಎಪ್ಪತ್ತೆರಡು. ಕುಂದಾಪುರದ ಕಡೆಯವರು. ತರಕಾರಿಯಲ್ಲಿ ಉಳಿಸಿದ್ದು, ತವರಿನವರು ಕೈಗಿಟ್ಟದ್ದು, ಹಪ್ಪಳ ಮಾಡಿ ಮಾರಿದ್ದು ಎಲ್ಲ ಸೇರಿಸಿ ಅಕ್ಕಿ ಡಬ್ಬಿಯ ತಳದಲ್ಲಿ ನಲವತ್ತಮೂರು ಸಾವಿರ ರೂಪಾಯಿ ಇಟ್ಟಿದ್ದರಂತೆ. ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. 2016ರ ನವೆಂಬರ್ 8ರ ರಾತ್ರಿ ಪ್ರಧಾನಿ ಟಿ.ವಿ.ಯಲ್ಲಿ ಬಂದು 500 ಮತ್ತು 1000 ರೂಪಾಯಿಯ ನೋಟುಗಳು ಇನ್ನು ನಡೆಯುವುದಿಲ್ಲ ಎಂದರು. ಅಮ್ಮ ಎರಡು ರಾತ್ರಿ ನಿದ್ದೆಗೆಟ್ಟು, ಮೂರನೆಯ ದಿನ ಡಬ್ಬಿ ಬಗ್ಗಿಸಿ ದುಡ್ಡನ್ನು ಗಂಡನ ಮುಂದೆ ಇಟ್ಟರು. ‘ಅವರು ಬೈಯಲಿಲ್ಲ, ನಕ್ಕರು. ಮಕ್ಕಳನ್ನೂ ಸೊಸೆಯನ್ನೂ ಕರೆದು ತೋರಿಸಿದರು. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ’ ಎಂದು ಬರೆದಿದ್ದಾರೆ. ದುಡ್ಡು ಗಂಡನ ಖಾತೆಗೆ ಹೋಯಿತು, ಅಲ್ಲಿಂದ ಹೊಸ ಫ್ರಿಜ್ಜಾಗಿ ಮನೆಗೆ ಬಂತು. ಈಗ ಮತ್ತೆ ಅಷ್ಟಿಷ್ಟು ಕೂಡಿದೆ. ಮೊಮ್ಮಗ ಹೇಳುತ್ತಾನಂತೆ: “ಅಜ್ಜೀ, ಬಿಟ್‌ಕಾಯಿನ್‌ನಲ್ಲಿ ಹಾಕು. ಅಪ್ಪನಿಗೂ ಗೊತ್ತಾಗುವುದಿಲ್ಲ, ಸರಕಾರಕ್ಕೂ ಗೊತ್ತಾಗುವುದಿಲ್ಲ.” ಅಮ್ಮನ ಪ್ರಶ್ನೆ ಒಂದೇ ಸಾಲು: ‘ಯಾರಿಗೂ ಗೊತ್ತಾಗದ ದುಡ್ಡು ಉಂಟೇ?’

ನಾನು ಬಿ.ಎ.ಯಲ್ಲಿ ಓದಿದ್ದು ಪಂಪ, ರನ್ನ. ಲೆಕ್ಕವೆಂದರೆ ನನಗೆ ಇವತ್ತಿಗೂ ಜ್ವರ. ಆದರೂ ಈ ಒಂದು ಸಾಲಿಗಾಗಿ ಎರಡು ವಾರ ಓದಿದೆ, ಗೊತ್ತಿದ್ದವರನ್ನು ಕಾಡಿದೆ.

ಬಿಟ್‌ಕಾಯಿನ್ ಎಂದರೆ ಗುಟ್ಟಿನ ದುಡ್ಡು ಎಂದೇ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನಿಜ ಏನೆಂದರೆ, ಬಿಟ್‌ಕಾಯಿನ್‌ನಷ್ಟು ಬಯಲಲ್ಲಿ ಬಿದ್ದಿರುವ ಲೆಕ್ಕದ ಪುಸ್ತಕ ಲೋಕದಲ್ಲಿ ಇನ್ನೊಂದು ಸಿಗುವುದು ಕಷ್ಟ. ಹೇಗೆ ಅಂತೀರಾ? ನಮ್ಮ ಕಟ್ಟಡಗಳಲ್ಲಿ ಹೆಂಗಸರು ನಡೆಸುವ ಚೀಟಿ ವ್ಯವಹಾರವನ್ನೇ ತೆಗೆದುಕೊಳ್ಳಿ. ಇಪ್ಪತ್ತು ಜನ, ತಿಂಗಳಿಗೆ ಇಷ್ಟು ಎಂದು ಕಟ್ಟುತ್ತಾರೆ. ಪುಸ್ತಕ ಒಬ್ಬರ ಕೈಯಲ್ಲಿ. ಅವರು ಪ್ರಾಮಾಣಿಕರಾದರೆ ಸರಿ, ಪುಸ್ತಕ ಸಮೇತ ರಾತ್ರೋರಾತ್ರಿ ಊರು ಬಿಟ್ಟರೆ ಇಪ್ಪತ್ತು ಮನೆಯಲ್ಲಿ ಅಳು. ಬ್ಯಾಂಕೂ ಹೀಗೆಯೇ ಪುಸ್ತಕ ಹಿಡಿದ ಯಜಮಾನಿತಿ. ಊರು ಬಿಡದಂತೆ ಅವಳ ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣಿರುತ್ತದೆ ಅಷ್ಟೆ.

ಈಗ ಯಜಮಾನಿತಿಯೇ ಇಲ್ಲದ ಚೀಟಿಯನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತು ಜನರ ಕೈಯಲ್ಲೂ ಒಂದೊಂದು ಪುಸ್ತಕ. ಯಾರು ಯಾರಿಗೆ ಎಷ್ಟು ಕೊಟ್ಟರೂ ಸಭೆಯಲ್ಲಿ ಗಟ್ಟಿಯಾಗಿ ಹೇಳಬೇಕು, ಎಲ್ಲರೂ ಬರೆದುಕೊಳ್ಳಬೇಕು. ಒಬ್ಬಳು ತನ್ನ ಪುಸ್ತಕ ತಿದ್ದಿದರೆ ಉಳಿದ ಹತ್ತೊಂಬತ್ತು ಪುಸ್ತಕಗಳು ಅವಳನ್ನು ಹಿಡಿದುಕೊಡುತ್ತವೆ. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಒಬ್ಬರು ಹೊರತಂದ ಒಂಬತ್ತು ಪುಟದ ಪ್ರಬಂಧದ ತಿರುಳು ಇದೇ. 2009ರ ಜನವರಿ 3ರಂದು ಪುಸ್ತಕದ ಮೊದಲ ಪುಟ ತೆರೆಯಿತು. ಸತೋಶಿ ಒಬ್ಬರೋ ನಾಲ್ವರೋ, ಗಂಡೋ ಹೆಣ್ಣೋ, ಇವತ್ತಿಗೂ ಖಚಿತವಾಗಿಲ್ಲ.

ಒಂದು ತೊಡಕುಂಟು. ಚೀಟಿಯ ಇಪ್ಪತ್ತು ಜನ ಪರಸ್ಪರ ಮುಖ ಬಲ್ಲವರು. ಇಂಟರ್‌ನೆಟ್ಟಿನಲ್ಲಿ ಒಬ್ಬನೇ ಸಾವಿರ ಮುಖವಾಡ ಹಾಕಿಕೊಂಡು ಬಂದು ‘ನಾವು ಸಾವಿರ ಜನ ಹೇಳುತ್ತಿದ್ದೇವೆ, ನಮ್ಮ ಪುಸ್ತಕವೇ ಸರಿ’ ಅನ್ನಬಹುದಲ್ಲ? ಅದಕ್ಕೆ ಸತೋಶಿ ಒಂದು ಕಟ್ಟಳೆ ಮಾಡಿದರು. ಹೊಸ ಪುಟ ಬರೆಯುವ ಹಕ್ಕು ಬೇಕಾದರೆ ಕಂಪ್ಯೂಟರು ಬೆವರು ಹರಿಸಬೇಕು. ಕೋಟಿಗಟ್ಟಲೆ ಸಲ ಊಹಿಸಿ ಊಹಿಸಿ ಒಂದು ಅಂಕಿ ಹುಡುಕಬೇಕು. ಮೊದಲು ಸಿಕ್ಕವನು ಪುಟ ಬರೆಯುತ್ತಾನೆ, ಅವನಿಗೆ ಹೊಸ ನಾಣ್ಯದ ಇನಾಮು. ಸರಾಸರಿ 10 ನಿಮಿಷಕ್ಕೊಂದು ಪುಟ. ಹಳೆಯ ಪುಟ ತಿದ್ದಬೇಕಾದರೆ ಅದರ ಮೇಲಿನ ಎಲ್ಲ ಪುಟಗಳ ಬೆವರನ್ನೂ ಮತ್ತೆ ಹರಿಸಬೇಕು, ಆಗುವ ಮಾತಲ್ಲ. ಇನಾಮು ಮೊದಲು 50 ನಾಣ್ಯವಿತ್ತು, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತಾ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು 2 ಕೋಟಿ 10 ಲಕ್ಷ ನಾಣ್ಯಗಳ ಮೇಲೆ ಹುಟ್ಟುವಂತಿಲ್ಲ. ಈ ಬೆವರಿಗೆ ಸುರಿಯುವ ಕರೆಂಟಿನ ಕಥೆ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ನೋಡೋಣ.

ಈಗ ಅಮ್ಮನ ಪ್ರಶ್ನೆಗೆ ಬನ್ನಿ. ಈ ಸಭೆಯಲ್ಲಿ ಹೆಸರು ಹೇಳುವ ಪದ್ಧತಿಯಿಲ್ಲ. ಪ್ರತಿಯೊಬ್ಬರಿಗೂ ಅಕ್ಷರ, ಅಂಕಿ ಬೆರೆತ ಒಂದು ಉದ್ದನೆಯ ವಿಳಾಸ. ‘ಈ ವಿಳಾಸದಿಂದ ಆ ವಿಳಾಸಕ್ಕೆ ಇಷ್ಟು ಹೋಯಿತು’ ಎಂದು ಬರೆಯುತ್ತಾರೆ. ಹೆಸರಿಗೆ ಪರದೆ ಇದೆ, ಲೆಕ್ಕಕ್ಕೆ ಪರದೆ ಇಲ್ಲ. 2009ರಿಂದ ಇವತ್ತಿನವರೆಗಿನ ಒಂದೊಂದು ಕೊಡುಕೊಳ್ಳುವಿಕೆಯೂ ಅಲ್ಲೇ ಇದೆ. ನೀವು, ನಾನು, ಕಳ್ಳ, ಪೊಲೀಸ್ ಯಾರು ಬೇಕಾದರೂ ತೆರೆದು ಓದಬಹುದು. ಇನ್ನೂ ಐವತ್ತು ವರ್ಷ ಬಿಟ್ಟು ಬರುವವರೂ ಓದಬಹುದು. ಒಮ್ಮೆ, ಒಂದೇ ಒಂದು ಸಲ, ಆ ವಿಳಾಸ ಇಂಥವರದು ಎಂದು ಗೊತ್ತಾದರೆ ಮುಗಿಯಿತು. ಹಿಂದಿನದು, ಮುಂದಿನದು ಎಲ್ಲ ಬಿಚ್ಚಿಕೊಳ್ಳುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. 2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದಲ್ಲಿ ಸಾರಾ ಮೈಕಲ್‌ಜಾನ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಒಂದು ಕೆಲಸ ಮಾಡಿದರು. ತಾವೇ ಬಿಟ್‌ಕಾಯಿನ್ ಕೊಟ್ಟು ಹಲವು ಕಡೆ ಸಣ್ಣಪುಟ್ಟ ಸಾಮಾನು ಕೊಂಡರು, ದುಡ್ಡು ಹೋದ ದಾರಿಯನ್ನು ಪುಸ್ತಕದಲ್ಲಿ ಹಿಂಬಾಲಿಸಿದರು. ಒಬ್ಬನದೇ ಆಗಿರುವ ವಿಳಾಸಗಳನ್ನು ಗುಡ್ಡೆ ಹಾಕುವ ಉಪಾಯ ಕಂಡುಕೊಂಡು, ಯಾವ ಗುಡ್ಡೆ ಯಾವ ವ್ಯಾಪಾರಿಯದು ಎಂದು ಗುರುತು ಹಚ್ಚಿದರು. ಆ ಮೇಲೆ ಇದೇ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು.

ಅದರ ಫಲ ನೋಡಬೇಕಾದರೆ ಬಿಟ್‌ಫಿನೆಕ್ಸ್ ಕಳ್ಳತನದ ಕಥೆ ಕೇಳಿ. 2016ರ ಆಗಸ್ಟ್‌ನಲ್ಲಿ ಆ ವಿನಿಮಯ ಕೇಂದ್ರಕ್ಕೆ ಕನ್ನ ಹಾಕಿ ಸುಮಾರು 1 ಲಕ್ಷ 20 ಸಾವಿರ ಬಿಟ್‌ಕಾಯಿನ್ ದೋಚಿದರು. ಕದ್ದ ಮಾಲು ಎಲ್ಲಿದೆ ಎಂದು ಲೋಕಕ್ಕೆಲ್ಲ ಕಾಣುತ್ತಿತ್ತು, ಕದ್ದವರು ಯಾರೆಂದು ಮಾತ್ರ ಕಾಣುತ್ತಿರಲಿಲ್ಲ. ಕಳ್ಳರು ಅದನ್ನು ಚೂರು ಚೂರು ಮಾಡಿ ನೂರು ದಾರಿಯಲ್ಲಿ ಸಾಗಿಸಿದರು. ತನಿಖೆಯವರು ಕಡಲೆಕಾಯಿ ಸಿಪ್ಪೆ ಹಿಡಿದು ಹೋಗುವ ಹಾಗೆ ಹಿಂದೆ ಹಿಂದೆಯೇ ಹೋದರು. 2022ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಒಂದು ದಂಪತಿ ಸಿಕ್ಕಿಬಿದ್ದರು, 94 ಸಾವಿರಕ್ಕೂ ಹೆಚ್ಚು ಬಿಟ್‌ಕಾಯಿನ್ ಜಪ್ತಿಯಾಯಿತು. ಆಗಿನ ಬೆಲೆ ಸುಮಾರು 360 ಕೋಟಿ ಡಾಲರ್. 2024ರ ನವೆಂಬರ್‌ನಲ್ಲಿ ಗಂಡನಿಗೆ 5 ವರ್ಷ, ಹೆಂಡತಿಗೆ ಒಂದೂವರೆ ವರ್ಷ ಶಿಕ್ಷೆಯಾಯಿತು. ಅಂದ ಹಾಗೆ, ಹೆಂಡತಿ ರ‍್ಯಾಪ್ ಹಾಡುಗಳನ್ನು ಮಾಡುತ್ತಿದ್ದಳು. ಕೇಳಿ ನೋಡಿದೆ. ಶಿಕ್ಷೆ ಕಳ್ಳತನದ ದುಡ್ಡಿಗಾಗಿ ಮಾತ್ರ ಎಂಬುದು ಆಕೆಯ ಪುಣ್ಯ.

ಹಾಗಾದರೆ ಗುಟ್ಟು ಉಳಿಸುವ ಡಿಜಿಟಲ್ ದುಡ್ಡು ಸಾಧ್ಯವೇ ಇಲ್ಲವೇ? ಸಾಧ್ಯ ಎಂದು 1980ರ ದಶಕದಲ್ಲೇ ಅಮೆರಿಕದ ಡೇವಿಡ್ ಚೌಮ್ ಎಂಬ ಕಂಪ್ಯೂಟರ್ ವಿಜ್ಞಾನಿ ತೋರಿಸಿದ್ದ. ಅವನ ಉಪಮೆ ನನಗೆ ಬಹಳ ಹಿಡಿಸಿತು. ಒಂದು ಚೀಟಿಯ ಮೇಲೆ ನೀವೇ ಒಂದು ನಂಬರ್ ಬರೆದು, ಒಳಗೆ ಕಾರ್ಬನ್ ಹಾಳೆಯಿರುವ ಲಕೋಟೆಯಲ್ಲಿಟ್ಟು ಬ್ಯಾಂಕಿಗೆ ಕೊಡುತ್ತೀರಿ. ಬ್ಯಾಂಕು ನಿಮ್ಮ ಖಾತೆಯಿಂದ ನೂರು ರೂಪಾಯಿ ಮುರಿದು, ಲಕೋಟೆಯ ಮೇಲೆ ಮುದ್ರೆ ಒತ್ತುತ್ತದೆ. ಕಾರ್ಬನ್ನಿನಿಂದ ಮುದ್ರೆ ಒಳಗಿನ ಚೀಟಿಗೂ ಬೀಳುತ್ತದೆ. ಈಗ ಚೀಟಿ ಅಸಲಿ ನೋಟಾಯಿತು, ಆದರೆ ಅದರ ನಂಬರ್ ಬ್ಯಾಂಕಿಗೆ ಗೊತ್ತಿಲ್ಲ. ಮುಂದೆ ಆ ನೋಟು ಅಂಗಡಿಯವನ ಮೂಲಕ ಮರಳಿ ಬಂದಾಗ, ಇದು ನಾನು ಯಾರಿಗೆ ಕೊಟ್ಟ ನೋಟು ಎಂದು ಬ್ಯಾಂಕು ಹೇಳಲಾರದು. ಎಷ್ಟು ಚೆಂದ! ಅವನು ಡಿಜಿಕ್ಯಾಶ್ ಎಂಬ ಕಂಪನಿಯನ್ನೂ ಕಟ್ಟಿದ. 1998ರಲ್ಲಿ ಅದು ದಿವಾಳಿಯಾಯಿತು. ಚೌಮ್‌ನ ದುಡ್ಡಿನಲ್ಲಿ ಗುಟ್ಟಿತ್ತು, ಬ್ಯಾಂಕಿಲ್ಲದೆ ನಡೆಯುತ್ತಿರಲಿಲ್ಲ. ಸತೋಶಿಯ ದುಡ್ಡಿಗೆ ಬ್ಯಾಂಕು ಬೇಡ, ಆದರೆ ಗುಟ್ಟಿಲ್ಲ. ಎರಡನ್ನೂ ಸೇರಿಸಲು 2014ರಲ್ಲಿ ಮೊನೆರೊ, 2016ರಲ್ಲಿ ಝಡ್‌ಕ್ಯಾಶ್ ಎಂಬ ನಾಣ್ಯಗಳು ಬಂದವು. ಅವುಗಳಲ್ಲಿ ವಿಳಾಸವನ್ನೂ ಮೊತ್ತವನ್ನೂ ಮುಚ್ಚಿಡಬಹುದು. ಕಳ್ಳವ್ಯವಹಾರಕ್ಕೆ ದಾರಿ ಎಂಬ ಭಯದಿಂದ ಹಲವು ವಿನಿಮಯ ಕೇಂದ್ರಗಳು ಇಂಥ ನಾಣ್ಯಗಳನ್ನು ಪಟ್ಟಿಯಿಂದ ಕೈಬಿಟ್ಟಿವೆ.

ಭಯ ಸುಳ್ಳಲ್ಲ. 2011ರಿಂದ 2013ರವರೆಗೆ ‘ಸಿಲ್ಕ್ ರೋಡ್’ ಎಂಬ ಗುಪ್ತ ಸಂತೆಯಲ್ಲಿ ಮಾದಕ ವಸ್ತು ಮಾರಿದ್ದು ಬಿಟ್‌ಕಾಯಿನ್‌ನಲ್ಲೇ. ಸಂತೆಯ ಮುಖ್ಯಸ್ಥನಿಗೆ 2015ರಲ್ಲಿ ಜೀವಾವಧಿಯಾಯಿತು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಅವನಿಗೆ ಕ್ಷಮಾದಾನ ಕೊಟ್ಟರು. ಅದು ನ್ಯಾಯವೋ ಅಲ್ಲವೋ ನೀವೇ ಯೋಚಿಸಿ.

ಆದರೆ ಗುಟ್ಟು ಬೇಕೆನ್ನುವವರೆಲ್ಲ ಕಳ್ಳರೇ? ಇಲ್ಲಿ ನನಗೆ ನಮ್ಮ ಮುಲುಂಡಿನ ಅಮ್ಮ ನೆನಪಾಗುತ್ತಾರೆ, ಅವರ ಜೊತೆಗೆ ಅಫ್ಘಾನಿಸ್ತಾನದ ಹೆರಾತ್ ನಗರವೂ. ಅಲ್ಲಿ ರೋಯಾ ಮಹಬೂಬ್ ಎಂಬ ಯುವತಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದರು. ಕೆಲಸಕ್ಕೆ ಬರುತ್ತಿದ್ದ ಹುಡುಗಿಯರಲ್ಲಿ ಬಹಳ ಮಂದಿಗೆ ಬ್ಯಾಂಕ್ ಖಾತೆ ಇಲ್ಲ. ನಗದು ಕೊಟ್ಟರೆ ಮನೆ ಮುಟ್ಟುವುದರೊಳಗೆ ಅಪ್ಪ, ಅಣ್ಣ, ಗಂಡ ಯಾರಾದರೂ ಕಿತ್ತುಕೊಳ್ಳುತ್ತಿದ್ದರು. 2013ರ ಸುಮಾರಿಗೆ ರೋಯಾ ಅವರಿಗೆ ಬಿಟ್‌ಕಾಯಿನ್‌ನಲ್ಲಿ ಸಂಬಳ ಕೊಡುವ ಏರ್ಪಾಡು ಮಾಡಿದರು. ಲೋಕದ ಪುಸ್ತಕದಲ್ಲಿ ಆ ಲೆಕ್ಕ ಬಯಲಾಗಿಯೇ ಇತ್ತು. ಆದರೆ ಅಣ್ಣನಿಗೆ ಆ ಪುಸ್ತಕ ಓದಲು ಬರುತ್ತಿರಲಿಲ್ಲ! ಆ ಹುಡುಗಿಯರಿಗೆ ಬೇಕಾದ ಗುಟ್ಟು ಅಷ್ಟೇ ಆಗಿತ್ತು.

ನೈಜೀರಿಯಾದಲ್ಲಿ ಇನ್ನೊಂದು ಬಗೆ. 2020ರ ಅಕ್ಟೋಬರ್‌ನಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಯುವಜನ ಬೀದಿಗಿಳಿದಾಗ, ‘ಫೆಮಿನಿಸ್ಟ್ ಕೊಅಲಿಶನ್’ ಎಂಬ ಹೆಂಗಸರ ಗುಂಪು ಚಂದಾ ಎತ್ತಿ ಗಾಯಗೊಂಡವರಿಗೆ ಆಸ್ಪತ್ರೆ, ಸೆರೆ ಸಿಕ್ಕವರಿಗೆ ವಕೀಲರನ್ನು ಒದಗಿಸುತ್ತಿತ್ತು. ಬ್ಯಾಂಕಿನ ದಾರಿ ಮುಚ್ಚಿಹೋಯಿತು. ಅವರು ಬಿಟ್‌ಕಾಯಿನ್‌ನಲ್ಲಿ ಚಂದಾ ಪಡೆದರು. ಮುಂದಿನ ಫೆಬ್ರವರಿಯಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಬಿಟ್‌ಕಾಯಿನ್ ವ್ಯವಹಾರದ ಖಾತೆಗಳನ್ನೆಲ್ಲ ಮುಚ್ಚಿ ಎಂದು ಬ್ಯಾಂಕುಗಳಿಗೆ ಆಜ್ಞೆ ಹೊರಡಿಸಿತು.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ನಾವು ದಿನಾ ಮುಟ್ಟುವ ಡಿಜಿಟಲ್ ದುಡ್ಡು ಬಿಟ್‌ಕಾಯಿನ್ ಅಲ್ಲ, ಯುಪಿಐ. 2016ರಲ್ಲಿ ಶುರುವಾಯಿತು. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ವಹಿವಾಟುಗಳ ಸಂಖ್ಯೆ ಸಾವಿರ ಕೋಟಿ ದಾಟಿತು. ಇದು ಬಿಟ್‌ಕಾಯಿನ್‌ನ ತದ್ವಿರುದ್ಧ: ಪುಸ್ತಕ ಮುಚ್ಚಿದೆ, ಹೆಸರು ಮಾತ್ರ ಪ್ರತಿ ಸಾಲಿನಲ್ಲೂ ಬರೆದಿದೆ. ನೆರೆಮನೆಯವನು ಓದಲಾರ, ಬ್ಯಾಂಕು ಓದುತ್ತದೆ, ಕೇಳಿದರೆ ಸರಕಾರವೂ ಓದುತ್ತದೆ.

ಓದಿದರೆ ಏನಾಗುತ್ತದೆ ಎಂದು 2025ರ ಜುಲೈನಲ್ಲಿ ಕರ್ನಾಟಕದ ಬೀದಿ ಬೀದಿಗೆ ಗೊತ್ತಾಯಿತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದೀಚೆಗಿನ ಯುಪಿಐ ಲೆಕ್ಕ ತರಿಸಿಕೊಂಡು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ಜಿಎಸ್‌ಟಿ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1 ಕೋಟಿ 63 ಲಕ್ಷ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟಿ ಎಂದು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಪುಸ್ತಕದಲ್ಲಿ ಬಂದ ದುಡ್ಡು ಕಾಣುತ್ತಿತ್ತು. ಅದು ಬದನೆಕಾಯಿಯದೋ, ಭಾವಮೈದ ಕೊಟ್ಟ ಕೈಸಾಲವೋ, ಅದರಲ್ಲಿ ಲಾಭ ಎಷ್ಟೋ ಪುಸ್ತಕಕ್ಕೆ ಹೇಗೆ ಗೊತ್ತಾಗಬೇಕು? ಬೆಂಗಳೂರಿನ ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಫಲಕ ಬಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ತೆರಿಗೆ ತಪ್ಪಿಸುವುದು ಸರಿ ಎಂದು ನಾನು ಹೇಳುತ್ತಿಲ್ಲ. ಹತ್ತು ರೂಪಾಯಿಯ ಚಹಾದ ಲೆಕ್ಕವನ್ನೂ ಯಂತ್ರ ನೆನಪಿಟ್ಟುಕೊಂಡಾಗ, ನಾಲ್ಕು ವರ್ಷದ ಮೇಲೆ ಅದನ್ನು ಓದುವವನು ಯಾರು, ಹೇಗೆ ಓದುತ್ತಾನೆ ಎಂಬುದೇ ದೊಡ್ಡ ವಿಷಯವಾಗುತ್ತದೆ. ನಗದಿಗೆ ಈ ನೆನಪು ಇರಲಿಲ್ಲ.

ಬ್ಯಾಂಕಿನಲ್ಲಿಟ್ಟ ಲೆಕ್ಕ ನಮ್ಮದೇ ಗುಟ್ಟು ಹೌದೋ ಅಲ್ಲವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಅದರಲ್ಲಿ ಪಕ್ಷಗಾರ್ತಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಎಂದರೆ ನಮ್ಮ ಕರಾವಳಿಯ ಕೇಳುಗರಿಗೆ ಖುಷಿಯಾದೀತು. ಸ್ಟ್ಯಾಂಪ್ ಕಾನೂನಿಗೆ ಆಂಧ್ರಪ್ರದೇಶ ಸರಕಾರ ತಂದ ತಿದ್ದುಪಡಿಯ ಪ್ರಕಾರ, ಕಲೆಕ್ಟರ್ ಕಳಿಸಿದ ಯಾರು ಬೇಕಾದರೂ ಬಂದು ಬ್ಯಾಂಕಿನಲ್ಲಿರುವ ಗ್ರಾಹಕರ ಕಾಗದಪತ್ರ ನೋಡಬಹುದಾಗಿತ್ತು. ಹೈದರಾಬಾದಿನ ಆ ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿ ನಿಲ್ಲುವುದಿಲ್ಲ ಎಂದಿತು. ಗ್ರಾಹಕ ತನ್ನ ಕಾಗದ ಬ್ಯಾಂಕಿಗೆ ಕೊಟ್ಟ ಮಾತ್ರಕ್ಕೆ ಅದರ ಖಾಸಗಿತನ ಹೋಗುವುದಿಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಮುಂದೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಮರುವರ್ಷ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದು ಕಡ್ಡಾಯವಲ್ಲ ಎಂದೂ ತೀರ್ಪಾಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಮೊಬೈಲಿನಲ್ಲಿ ‘ಒಪ್ಪಿದೆ’ ಎಂದು ಒತ್ತುವಾಗ ನಾವು ಅವರನ್ನು ನೆನೆಯುವುದಿಲ್ಲ, ಬಿಡಿ.

ಅಮ್ಮಾ, ಈಗ ನಿಮಗೆ ನೇರವಾಗಿ. ಮೊಮ್ಮಗ ಹೇಳಿದ್ದರಲ್ಲಿ ‘ಸರಕಾರಕ್ಕೆ ಗೊತ್ತಾಗುವುದಿಲ್ಲ’ ಎಂಬುದು ಸುಳ್ಳು. ನಮ್ಮ ದೇಶದ ವಿನಿಮಯ ಕೇಂದ್ರಗಳಲ್ಲಿ ಬಿಟ್‌ಕಾಯಿನ್ ಕೊಳ್ಳಲು ಪಾನ್ ಕಾರ್ಡು, ಗುರುತಿನ ದಾಖಲೆ ಕೊಡಬೇಕು. 2023ರ ಮಾರ್ಚ್‌ನಿಂದ ಆ ಕೇಂದ್ರಗಳು ಅಕ್ರಮ ಹಣ ತಡೆ ಕಾನೂನಿನ ಕೆಳಗೆ ಬರುತ್ತವೆ. 2022ರ ಬಜೆಟ್ಟಿನಿಂದ ಲಾಭದ ಮೇಲೆ 30 ಪರ್ಸೆಂಟ್ ತೆರಿಗೆ, ಮಾರುವಾಗ 1 ಪರ್ಸೆಂಟ್ ಮುರಿತ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಬೆಲೆ ಒಂದೇ ವಾರದಲ್ಲಿ ಹಪ್ಪಳದ ಹಾಗೆ ಉಬ್ಬಿ ಪುಡಿಯಾಗಬಹುದು. ಕೇಂದ್ರದಲ್ಲೇ ಬಿಟ್ಟರೆ ಕನ್ನದ ಭಯ. 2024ರ ಜುಲೈನಲ್ಲಿ ನಮ್ಮ ಮುಂಬಯಿಯದೇ ವಝೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿನಷ್ಟು ಕಳುವಾಗಿ ಸಾಮಾನ್ಯ ಜನ ತಿಂಗಳುಗಟ್ಟಲೆ ಪರದಾಡಿದರು. ನೀವೇ ಇಟ್ಟುಕೊಂಡರೆ ಹನ್ನೆರಡೋ ಇಪ್ಪತ್ತನಾಲ್ಕೋ ಗುಪ್ತ ಪದಗಳನ್ನು ಕಾಪಾಡಬೇಕು, ಅವು ಕಳೆದರೆ ದೂರು ಕೊಡಲು ಮ್ಯಾನೇಜರೂ ಇಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ ಒಬ್ಬರ ಹಾರ್ಡ್ ಡಿಸ್ಕ್ 2013ರಲ್ಲಿ ಸಾವಿರಾರು ಬಿಟ್‌ಕಾಯಿನ್ ಸಮೇತ ಕಸದ ತಿಪ್ಪೆಗೆ ಹೋಯಿತು. ಅಗೆಯಲು ಬಿಡಿ ಎಂದು ಹನ್ನೊಂದು ವರ್ಷ ಬೇಡಿದರು, 2025ರ ಜನವರಿಯಲ್ಲಿ ಕೋರ್ಟು ಆಗದು ಎಂದಿತು.

‘ಅಪ್ಪನಿಗೆ ಗೊತ್ತಾಗುವುದಿಲ್ಲ’ ಎಂಬುದು ಅರ್ಧ ನಿಜ. ಮೊಮ್ಮಗನ ಫೋನಿನಲ್ಲಿದ್ದರೆ ಅಪ್ಪನಿಗೆ ಗೊತ್ತಾಗದು, ಮೊಮ್ಮಗನಿಗೆ ಗೊತ್ತು. ಆಗ ಅದು ನಿಮ್ಮ ದುಡ್ಡೋ, ಅವನ ದುಡ್ಡೋ?

ನಿಮಗೆ ಬೇಕಾದದ್ದು ಸರಕಾರದಿಂದ ಗುಟ್ಟಲ್ಲ, ಆ ನಗುವಿನಿಂದ ಗುಟ್ಟು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಅದಕ್ಕೆ ನಿಮ್ಮೊಬ್ಬರದೇ ಹೆಸರಿನ ಅಂಚೆ ಕಚೇರಿ ಉಳಿತಾಯ ಖಾತೆ ಸಾಕು. ಆದರೆ ಫಾರಂನಲ್ಲಿ ಒಂದು ಜಾಗ ನೋಡಿಕೊಳ್ಳಿ. ಮೊಬೈಲ್ ನಂಬರ್ ಎಂದಿರುತ್ತದಲ್ಲ, ಅಲ್ಲಿ ಯಾರ ನಂಬರ್ ಬರೆಯುತ್ತೀರಿ? ದುಡ್ಡು ಹಾಕಿದಾಗ, ತೆಗೆದಾಗ ಮೆಸೇಜು ಹೋಗುವುದು ಅಲ್ಲಿಗೆ.

ಇಷ್ಟು ಬರೆದು ಮುದ್ರಣಕ್ಕೆ ಕೊಡುವ ಮುಂಚೆ ಅಮ್ಮನಿಗೇ ಫೋನು ಮಾಡಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: ಅಂಚೆ ಖಾತೆ ಆಗಲೇ ಉಂಟು, ಎರಡು ವರ್ಷವಾಯಿತು, ನಂಬರ್ ಮಗನದ್ದೇ. ಇದುವರೆಗೆ ಅವನು ಒಂದು ಮಾತೂ ಆಡಿಲ್ಲವಂತೆ. “ನಾಳೆ ಮಧ್ಯಾಹ್ನ ಹೋಗಿ ಬದಲಾಯಿಸುತ್ತೇನೆ, ಯಾವ ಫಾರಂ ಬೇಕು ಕೇಳಿ ಹೇಳು ಮಾರಾಯಾ” ಎಂದರು. ಕೇಳಿದೆ. ಗುರುತಿನ ಚೀಟಿ, ಪಾಸ್‌ಬುಕ್ ಹಿಡಿದು ಸ್ವತಃ ಹೋದರೆ ಕೌಂಟರಿನಲ್ಲೇ ಫಾರಂ ಕೊಡುತ್ತಾರೆ ಅಮ್ಮಾ.